ಮೂಳೆಗೆ ಜಾಗ ಬಿಟ್ಟುಕೊಡುವ ಜೆಲ್

ಸೂಕ್ಷ್ಮದರ್ಶಕದ ಕೆಳಗಿದ್ದ ಆ ಸ್ಲೈಡನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ ನೆನಪಿಲ್ಲ. ಇಲಿಯ ತಲೆಬುರುಡೆಯಲ್ಲಿ ಕೊರೆದ 8 ಮಿಲಿಮೀಟರ್ ಅಗಲದ ರಂಧ್ರ, ಹೊಸ ಮೂಳೆ ಬೆಳೆಯಲೆಂದು ಅದರೊಳಗೆ ನಾನು ತುಂಬಿದ ಜೆಲ್, ತುಂಬಿ 12 ವಾರ. ಮೂಳೆಗೆ ಕೆಂಪು, ಮೆದು ಅಂಗಾಂಶಕ್ಕೆ ನೀಲಿ ಹತ್ತುವಂತೆ ಬಣ್ಣ ಹಾಕಿದ್ದೆವು. ರಂಧ್ರದ ಎರಡೂ ಅಂಚಿನಿಂದ ಕೆಂಪು ಒಂದಿಷ್ಟು ದೂರ ಒಳಗೆ ಬಂದು, ಗೋಡೆ ಅಡ್ಡ ಸಿಕ್ಕಂತೆ ಅಲ್ಲೇ ನಿಂತುಬಿಟ್ಟಿತ್ತು. ಆ ಗೋಡೆಯೇ ನನ್ನ ಜೆಲ್. ಹಾಕಿದ ದಿನ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇತ್ತು. ಅದರ ಸುತ್ತ ತೆಳುವಾದ ನಾರಿನ ಪೊರೆ ಕಟ್ಟಿಕೊಂಡಿತ್ತು. ದೇಹ ಅದನ್ನು ಒಪ್ಪಿರಲಿಲ್ಲ, ಹೊರಗೆ ಹಾಕಿಯೂ ಇರಲಿಲ್ಲ. ಸುಮ್ಮನೆ ಸುತ್ತಿ ಬದಿಗಿಟ್ಟಿತ್ತು.

ನನ್ನ ಸಂಶೋಧನೆಯ ಪ್ರಸ್ತಾವದ ಶೀರ್ಷಿಕೆಯಲ್ಲೇ 'ಜೈವಿಕವಾಗಿ ಕರಗುವ' ಎಂಬ ಮಾತಿತ್ತು. ಎರಡು ವರ್ಷ ಆ ಮಾತನ್ನು ದಿನವೂ ಬರೆದಿದ್ದೆ, ಆಡಿದ್ದೆ. ಅದು ಯಾವಾಗ ಕರಗಬೇಕು, ಯಾರು ಕರಗಿಸಬೇಕು ಎಂದು ಮಾತ್ರ ಸರಿಯಾಗಿ ಕೇಳಿಕೊಂಡಿರಲಿಲ್ಲ. ಹಾಗೆ ಕೇಳಿಕೊಳ್ಳಲು ಶುರುಮಾಡಿದ್ದು ಆ ಸ್ಲೈಡ್ ನೋಡಿದ ಮೇಲೆ.

ಮೂಳೆ ತಾನಾಗಿ ಕೂಡಿಕೊಳ್ಳಬಲ್ಲ ಅಂಗಾಂಶ. ಮುರಿದಾಗ ಮೊದಲು ರಕ್ತ ಸುರಿದು ಅಲ್ಲೇ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಂಬ ಫೈಬ್ರಿನ್ ಎಳೆಗಳ ಬಲೆ. ಜೀವಕೋಶಗಳು ಆ ಎಳೆಗಳನ್ನು ಹಿಡಿದು ಒಳಗೆ ಬರುತ್ತವೆ, ಬರುತ್ತ ಬರುತ್ತ ಅವನ್ನೇ ಕತ್ತರಿಸಿ ದಾರಿ ಮಾಡಿಕೊಳ್ಳುತ್ತವೆ. ಬಲೆ ಹೋದ ಜಾಗದಲ್ಲಿ ಮೃದ್ವಸ್ಥಿಯ ಮೆತ್ತನೆ ಗಂಟು ಕಟ್ಟುತ್ತದೆ, ಅದು ಹೋದ ಜಾಗದಲ್ಲಿ ಗಟ್ಟಿ ಮೂಳೆ ಬರುತ್ತದೆ. ಅದನ್ನೂ ಆಸ್ಟಿಯೋಕ್ಲಾಸ್ಟ್ ಕೋಶಗಳು ತಿಂದು, ಆಸ್ಟಿಯೋಬ್ಲಾಸ್ಟ್ ಕೋಶಗಳು ಮತ್ತೆ ಕಟ್ಟಿ, ತಿಂಗಳುಗಟ್ಟಲೆ ತಿದ್ದುತ್ತಲೇ ಇರುತ್ತವೆ. ಒಂದೊಂದು ಹಂತವೂ ಮುಂದಿನದಕ್ಕೆ ಜಾಗ ಬಿಟ್ಟುಕೊಟ್ಟೇ ಮುಗಿಯುತ್ತದೆ. ಅಂದರೆ ಮೂಳೆ ರಿಪೇರಿಗೆ ದೇಹ ಬಳಸುವ ಮೊದಲ ವಸ್ತುವೇ ಕರಗುವ ಒಂದು ಜೆಲ್. ಲ್ಯಾಬಿಗೆ ಸೇರಿದ ಮೊದಲ ವಾರವೇ ಇದನ್ನು ಓದಿದ್ದೆ. ಓದಿದ್ದು ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಆದರೆ ಖಾಲಿ ಜಾಗ ತೀರಾ ದೊಡ್ಡದಾದರೆ ದೇಹದ ಈ ಏರ್ಪಾಡು ಸಾಲುವುದಿಲ್ಲ. ಗೆಡ್ಡೆ ತೆಗೆದಾಗ, ಅಪಘಾತದಲ್ಲಿ ಮೂಳೆಯ ತುಂಡೇ ಹೋದಾಗ, ಎರಡು ತುದಿಗಳ ನಡುವೆ ನಾರು ತುಂಬಿಕೊಂಡು ಮೂಳೆ ಅಲ್ಲಿಗೇ ನಿಂತುಬಿಡುತ್ತದೆ. ಆಗ ಸರ್ಜನ್‌ಗಳು ಹೆಚ್ಚಾಗಿ ರೋಗಿಯದೇ ಸೊಂಟದ ಮೂಳೆಯ ಅಂಚಿನಿಂದ ಚೂರು ತೆಗೆದು ತುಂಬುತ್ತಾರೆ. ಇಂದಿಗೂ ಅದಕ್ಕೆ ಸಾಟಿಯಾದದ್ದು ಇಲ್ಲ. ಅದರ ಬೆಲೆಯನ್ನು ರೋಗಿಯ ಸೊಂಟ ತೆರುತ್ತದೆ: ಎರಡನೆಯ ಗಾಯ, ತಿಂಗಳುಗಟ್ಟಲೆ ಉಳಿಯಬಹುದಾದ ನೋವು. ತೆಗೆಯಬಹುದಾದ ಮೂಳೆಗೂ ಒಂದು ಮಿತಿ ಇದೆ.

1965ರಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ಸರ್ಜನ್, ಖನಿಜ ತೆಗೆದ ಮೂಳೆಯ ಚೂರನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರೆ ಅಲ್ಲೇ ಹೊಸ ಮೂಳೆ ಹುಟ್ಟುತ್ತದೆ ಎಂದು ತೋರಿಸಿದರು. ಮೂಳೆಯೊಳಗೆ ಮೂಳೆಯನ್ನು ಕರೆಯುವ ಪ್ರೋಟೀನ್‌ಗಳಿವೆ ಎಂಬ ಅರಿವು ಬಂದದ್ದು ಅಲ್ಲಿಂದ. ಅವುಗಳಲ್ಲಿ ಒಂದಾದ ಬಿಎಂಪಿ-2 ಅನ್ನು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನಿನ ಸ್ಪಂಜಿಗೆ ಹೀರಿಸಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸಲು ಅಮೆರಿಕದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಆದರೆ ಸ್ಪಂಜು ಅದನ್ನು ಹಿಡಿದಿಟ್ಟುಕೊಳ್ಳಲಾರದು, ಬೇಗ ಬಿಟ್ಟುಬಿಡುತ್ತದೆ. ಹಾಗಾಗಿ ಪ್ರಮಾಣ ಬಹಳ ಹೆಚ್ಚು ಬೇಕು. ಬೇಡದ ಕಡೆ ಮೂಳೆ ಬೆಳೆದದ್ದು, ಕುತ್ತಿಗೆಯ ಭಾಗದಲ್ಲಿ ಬಳಸಿದಾಗ ಬಾವು ಬಂದು ಉಸಿರಾಟಕ್ಕೇ ತೊಂದರೆಯಾದದ್ದು ವರದಿಯಾಗಿ, 2008ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆಯನ್ನೇ ಹೊರಡಿಸಿತು. ನಮ್ಮ ಗೈಡ್ ಮೇಡಂ ಮೊದಲ ದಿನವೇ ಹೇಳಿದ್ದರು: "ಪ್ರೋಟೀನ್ ಸೇರಿಸೋ ಆಸೆ ಬೇಡ. ಬರೀ ವಸ್ತುವಿನಿಂದ ಎಷ್ಟು ದೂರ ಹೋಗಬಹುದು ಅಂತ ಮೊದಲು ನೋಡೋಣ."

ಜೆಲ್ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಮೂಳೆಯಂಥ ಗಟ್ಟಿ ವಸ್ತುವಿಗೆ ಮೆತ್ತನೆಯ ಮದ್ದೇ? ಗಟ್ಟಿ ಮೂಳೆಯ ಬಿಗಿತ 15ರಿಂದ 20 ಗಿಗಾಪಾಸ್ಕಲ್, ನಾನು ಮಾಡುವ ಜೆಲ್‌ನದು ಕೆಲವು ಹತ್ತು ಕಿಲೋಪಾಸ್ಕಲ್. ಲಕ್ಷಗಟ್ಟಲೆ ಪಟ್ಟು ವ್ಯತ್ಯಾಸ. ಹಾಗಾಗಿ ಭಾರ ಹೊರುವ ಕೆಲಸ ಪ್ಲೇಟು ಮತ್ತು ಸ್ಕ್ರೂಗಳದ್ದು. ಜೆಲ್ ಇರುವುದು ಜಾಗ ಕಾಯಲು, ಕೋಶಗಳಿಗೆ ಕಾಲೂರಲು ನೆಲ ಕೊಡಲು. ಮುರಿದ ಮೂಳೆಯ ಖಾಲಿ ಜಾಗಕ್ಕೆ ಒಂದು ಅಚ್ಚುಕಟ್ಟಾದ ಆಕಾರ ಇರುವುದಿಲ್ಲ. ಸಂದುಗೊಂದುಗಳಿರುತ್ತವೆ. ಸಿರಿಂಜಿನಲ್ಲಿ ದ್ರವವಾಗಿ ಹೋಗಿ ಅಲ್ಲೇ ಹೆಪ್ಪುಗಟ್ಟುವ ವಸ್ತು ಆ ಸಂದುಗಳನ್ನೆಲ್ಲ ತಾನೇ ಹುಡುಕಿಕೊಂಡು ತುಂಬುತ್ತದೆ.

ನನ್ನ ಮೊದಲ ಜೆಲ್ ಅಲ್ಜಿನೇಟಿನದು. ಕಂದು ಬಣ್ಣದ ಕಡಲಕಳೆಯಿಂದ ತೆಗೆಯುವ ಉದ್ದ ಸಕ್ಕರೆ ಸರಪಳಿ ಅದು. ಕ್ಯಾಲ್ಸಿಯಂ ಸಿಕ್ಕರೆ ಸರಪಳಿಗಳು ಒಂದಕ್ಕೊಂದು ಕಚ್ಚಿಕೊಂಡು ಹೆಪ್ಪಾಗುತ್ತವೆ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಸುರಿದಾಗ ಹೊರಗೆ ಮಾತ್ರ ಚರ್ಮದಂತೆ ಗಟ್ಟಿಯಾಗಿ ಒಳಗೆ ನೀರುನೀರಾಗಿ ಉಳಿಯುತ್ತಿತ್ತು. ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಮೊದಲೇ ಕಲಸಿಟ್ಟು, ನಿಧಾನವಾಗಿ ಆಮ್ಲ ಬಿಡುವ ಜಿಡಿಎಲ್ ಎಂಬ ಪುಡಿಯನ್ನು ಕೊನೆಗೆ ಸೇರಿಸಿದಾಗ ಇಡೀ ಜೆಲ್ ಒಂದೇ ಹದಕ್ಕೆ ಬಂತು. ಅದಕ್ಕೆ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟನ್ನೂ ಸೇರಿಸಿದೆ. ರಿಯೋಮೀಟರಿನಲ್ಲಿ ಅದರ ಬಿಗಿತದ ಗೆರೆ ಒಂದೊಂದು ಬ್ಯಾಚಿಗೂ ಮೇಲೇರುತ್ತ ಹೋದಾಗ ಆದ ಸಂತೋಷ ಅಷ್ಟಿಷ್ಟಲ್ಲ. ತಿಂಗಳಾದರೂ ಉಪ್ಪುನೀರಿನ ದ್ರಾವಣದಲ್ಲಿ ಆಕಾರ ಕೆಡದೆ ಇತ್ತು. ಆಗ ಅದನ್ನು ಗುಣ ಎಂದು ಬರೆದುಕೊಂಡಿದ್ದೆ.

ಒಂದು ಸಭೆಯಲ್ಲಿ ನಮ್ಮ ಜೊತೆ ಕೆಲಸ ಮಾಡುವ ಮೂಳೆ ಸರ್ಜನ್ ಒಬ್ಬರು ನನ್ನ ಗ್ರಾಫುಗಳನ್ನೆಲ್ಲ ತಾಳ್ಮೆಯಿಂದ ನೋಡಿ ಕೇಳಿದ್ದರು: "ಎಷ್ಟು ಗಟ್ಟಿ ಅಂತ ಹೇಳಿದ್ರಿ, ಸರಿ. ಇದು ಯಾವಾಗ ಹೋಗುತ್ತೆ?" ನಾನು, "ನಿಧಾನಕ್ಕೆ ಕರಗುತ್ತೆ ಸರ್" ಎಂದೆ. ಅವರು ತಲೆಯಾಡಿಸಿದರು, ಮತ್ತೇನೂ ಕೇಳಲಿಲ್ಲ. ನನ್ನ ಉತ್ತರದಲ್ಲಿ ಉತ್ತರವೇ ಇರಲಿಲ್ಲ ಎಂದು ಗೊತ್ತಾದದ್ದು ಆ ಸ್ಲೈಡ್ ಬಂದಾಗ. ಅಲ್ಜಿನೇಟನ್ನು ಕತ್ತರಿಸುವ ಕಿಣ್ವ ಸಸ್ತನಿಗಳ ದೇಹದಲ್ಲಿ ಇಲ್ಲ. ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂತರೆ ಜೆಲ್ ಸಡಿಲವಾಗಿ ಬಿಚ್ಚಿಕೊಳ್ಳಬಹುದು. ಆದರೆ ಬಿಚ್ಚಿಕೊಂಡ ಸರಪಳಿಗಳು ಮೂತ್ರಪಿಂಡ ಸೋಸಿ ಹೊರಹಾಕಲಾರದಷ್ಟು ಉದ್ದವಾಗಿರುತ್ತವೆ. ಜೊತೆಗೆ ಮೂಳೆಯ ಸುತ್ತಮುತ್ತ ಕ್ಯಾಲ್ಸಿಯಂಗೆ ಬರವಿಲ್ಲ, ನಾನೇ ಬೇರೆ ಒಂದಿಷ್ಟು ಖನಿಜ ತುಂಬಿದ್ದೆ. ಸರಪಳಿಯನ್ನು ಪೆರಿಯೊಡೇಟ್ ಎಂಬ ರಾಸಾಯನಿಕದಿಂದ ಅಲ್ಲಲ್ಲಿ ಆಕ್ಸಿಡೀಕರಿಸಿ ನೀರಿಗೇ ಮುರಿಯುವಂತೆ ಮಾಡುವ ದಾರಿ ಇದೆ, ಅದರಲ್ಲಿ ಒಳ್ಳೆಯ ಕೆಲಸಗಳೂ ಆಗಿವೆ. ನಾನು ಅದನ್ನು ಹಿಡಿಯಲಿಲ್ಲ. ಗಡಿಯಾರ ನೋಡಿಕೊಂಡು ಕರಗುವ ವಸ್ತು ನನಗೆ ಬೇಡವೆನಿಸಿತ್ತು. ಕೋಶಗಳು ಬಂದಾಗ, ಅವು ಬಂದಷ್ಟೇ ಜಾಗದಲ್ಲಿ ಕರಗುವ ವಸ್ತು ಬೇಕಿತ್ತು.

ಇಲ್ಲಿ ಒಂದು ಮಾತು. ಆ ಸ್ಲೈಡ್ ನಮಗೆ ಸಿಕ್ಕದ್ದೂ ನಮ್ಮ ಅಂಗಾಂಶ ವಿಭಾಗದ ತಂತ್ರಜ್ಞರ ಮುನ್ನೆಚ್ಚರಿಕೆಯಿಂದ. ಮೂಳೆಯನ್ನು ತೆಳ್ಳಗೆ ಕತ್ತರಿಸುವ ಮೊದಲು ಇಡಿಟಿಎ ದ್ರಾವಣದಲ್ಲಿ ವಾರಗಟ್ಟಲೆ ಇಟ್ಟು ಖನಿಜ ತೆಗೆಯುವುದು ವಾಡಿಕೆ. ಇಡಿಟಿಎ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಅಂದರೆ ನನ್ನ ಜೆಲ್ಲನ್ನೂ ಕರಗಿಸಿಬಿಡುತ್ತದೆ. ಹಾಗೆ ಮಾಡಿದ್ದರೆ ಜೆಲ್ ಇದ್ದ ಜಾಗ ಖಾಲಿಯಾಗಿ ಕಂಡು, 'ಪೂರ್ತಿ ಕರಗಿದೆ' ಎಂದು ನಾನು ಬರೆದುಬಿಡುತ್ತಿದ್ದೆ. ಅವರು ಖನಿಜ ತೆಗೆಯದೆ, ಗಟ್ಟಿ ರಾಳದಲ್ಲಿ ಕೂರಿಸಿ, ವಜ್ರದ ಅಲಗಿನಲ್ಲಿ ಸೀಳಿ, ಉಜ್ಜಿ ತೆಳುವಾಗಿಸಿ ಕೊಟ್ಟರು. ಅವರು ಅಷ್ಟು ಕಷ್ಟಪಟ್ಟಿದ್ದರಿಂದಲೇ ನನಗೆ ನಿಜ ಗೊತ್ತಾಯಿತು.

ಮುಂದಿನ ವಸ್ತು ಜೆಲಾಟಿನ್. ಮೂಳೆಯ ಸಾವಯವ ಭಾಗದಲ್ಲಿ ಹೆಚ್ಚಿನದು ಕೊಲಾಜೆನ್. ಆ ಕೊಲಾಜೆನ್ ಬಿಚ್ಚಿಕೊಂಡ ರೂಪವೇ ಜೆಲಾಟಿನ್. ಕೋಶಗಳು ಹಿಡಿದುಕೊಳ್ಳುವ ಹಿಡಿಕೆಗಳೂ ಅದರಲ್ಲಿವೆ, ಅವು ಕತ್ತರಿಸಬಲ್ಲ ಜಾಗಗಳೂ ಇವೆ. ಆದರೆ ಬರೀ ಜೆಲಾಟಿನ್ ದೇಹದ ಬಿಸಿಗೆ ನೀರಾಗಿ ಹರಿದುಹೋಗುತ್ತದೆ. ಅದಕ್ಕೆ ಮೆಥಾಕ್ರಿಲಿಕ್ ಅನ್‌ಹೈಡ್ರೈಡ್ ಹನಿಹನಿಯಾಗಿ ಸೇರಿಸಿದರೆ ಸರಪಳಿಯ ಉದ್ದಕ್ಕೂ ಬೆಳಕಿಗೆ ಬೆಸೆದುಕೊಳ್ಳುವ ಗುಂಪುಗಳು ಹತ್ತುತ್ತವೆ. ಲ್ಯಾಬುಗಳಲ್ಲಿ ಎಲ್ಲರೂ ಇದನ್ನು ಜೆಲ್ಮಾ ಎನ್ನುತ್ತಾರೆ. ಎಲ್‌ಎಪಿ ಎಂಬ ಬೆಳಕು ಹೀರುವ ಪುಡಿಯನ್ನು ಚಿಟಿಕೆ ಸೇರಿಸಿ 405 ನ್ಯಾನೊಮೀಟರ್‌ನ ನೇರಳೆ ಬೆಳಕು ಬಿಟ್ಟರೆ ಅರ್ಧ ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ.

ಓದುವಾಗ ಇಷ್ಟೇ. ಮಾಡುವಾಗ ಒಂದು ಬ್ಯಾಚಿಗೆ ಎರಡು ವಾರ. 50 ಡಿಗ್ರಿಯಲ್ಲಿ ಜೆಲಾಟಿನ್ ಕರಗಿಸಿ, ಕಣ್ಣಿಗೆ ಚುಚ್ಚುವ ವಾಸನೆಯ ಆ ದ್ರವವನ್ನು ಫ್ಯೂಮ್ ಹುಡ್‌ನೊಳಗೆ ಹನಿ ಬಿಡಬೇಕು. ಕ್ರಿಯೆ ನಡೆಯುತ್ತ ಮೆಥಾಕ್ರಿಲಿಕ್ ಆಮ್ಲ ಹುಟ್ಟಿ ಪಿಎಚ್ ಇಳಿಯುತ್ತದೆ, ಇಳಿದರೆ ಕ್ರಿಯೆ ಮಂದವಾಗುತ್ತದೆ. ಪಕ್ಕದಲ್ಲೇ ನಿಂತು ಸರಿಮಾಡುತ್ತಿರಬೇಕು. ಆಮೇಲೆ ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಕೊಳವೆಗೆ ತುಂಬಿ, 40 ಡಿಗ್ರಿಯ ನೀರಿನಲ್ಲಿ ಆರೇಳು ದಿನ, ದಿನಕ್ಕೆ ಎರಡು ಸಲ ನೀರು ಬದಲಿಸುತ್ತ ಇಡಬೇಕು. ಕೊನೆಗೆ ಫ್ರೀಜ್ ಡ್ರೈಯರಿನಲ್ಲಿ ನೀರು ಹೋಗಿ ಬಿಳಿ ಹತ್ತಿಯಂಥ ಹಗುರ ವಸ್ತು ಉಳಿಯುತ್ತದೆ. ಒಂದು ಸಲ ಅವಸರಕ್ಕೆ ಡಯಾಲಿಸಿಸನ್ನು ಮೂರೇ ದಿನಕ್ಕೆ ನಿಲ್ಲಿಸಿದೆ. ಜೆಲ್ ಚೆನ್ನಾಗಿಯೇ ಹೆಪ್ಪುಗಟ್ಟಿತು. ಒಳಗಿಟ್ಟ ಕೋಶಗಳೆಲ್ಲ ಮರುದಿನವೇ ಸತ್ತಿದ್ದವು. ಉಳಿದುಹೋದ ಆಮ್ಲದ ಕೆಲಸ ಅದು. ಅಂದಿನಿಂದ ಪ್ರತಿ ಬ್ಯಾಚನ್ನೂ ಒಣಗಿಸಿದ ಮೇಲೆ ಮೂಸಿ ನೋಡುವ ಅಭ್ಯಾಸ ಬೆಳೆದಿದೆ. ವಾಸನೆ ಒಂದಿಷ್ಟು ಉಳಿದಿದ್ದರೂ ಅದು ಕೋಶಗಳ ಹತ್ತಿರ ಹೋಗುವುದಿಲ್ಲ.

ಎಷ್ಟು ಗುಂಪುಗಳು ಹತ್ತಿವೆ ಎಂಬುದೇ ಎಲ್ಲಕ್ಕಿಂತ ಮುಖ್ಯ. ಹೆಚ್ಚು ಹತ್ತಿದರೆ ಬಲೆ ಒತ್ತಾಗುತ್ತದೆ, ಜೆಲ್ ಬಿಗಿಯಾಗುತ್ತದೆ, ಕರಗುವುದು ತಡವಾಗುತ್ತದೆ. "ಎನ್‌ಎಂಆರ್ ತೆಗೆಸಿದ್ಯಾ?" ಎಂದು ಮೇಡಂ ಪ್ರತಿ ಬ್ಯಾಚಿಗೂ ಕೇಳುತ್ತಿದ್ದರು. ಅಣುವಿನಲ್ಲಿ ಯಾವ ಗುಂಪುಗಳಿವೆ ಎಂದು ತೋರಿಸುವ ಪರೀಕ್ಷೆ ಅದು. ಅದರ ಗೆರೆಯಲ್ಲಿ, ಈ ಗುಂಪುಗಳು ಹತ್ತುವ ಲೈಸೀನ್ ಎಂಬ ಅಮೈನೊ ಆಮ್ಲದ ಶಿಖರ ಎಷ್ಟು ತಗ್ಗಿದೆ ಎಂದು ನೋಡಿದರೆ ಎಷ್ಟು ಹತ್ತಿದೆ ಎಂದು ಗೊತ್ತಾಗುತ್ತದೆ. ಜೆಲ್ಮಾ ಕೆಲಸದ ಮೊದಲ ವರ್ಷ ಈ ಸಂಖ್ಯೆಯನ್ನು ಮೇಲಕ್ಕೇರಿಸಲು ಒದ್ದಾಡಿದ್ದೆ. ಈಗ ಅದನ್ನು ಕೆಳಗಿಳಿಸಿ, ಬೇಕಾದಲ್ಲಿ ನಿಲ್ಲಿಸುವುದನ್ನು ಕಲಿಯತೊಡಗಿದೆ.

ಖನಿಜ ಸೇರಿಸುವ ಕೆಲಸಕ್ಕೆ ಹತ್ತಿರ ಹತ್ತಿರ ಒಂದು ವರ್ಷವೇ ಹೋಯಿತು. ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣಕ್ಕೆ ಅಮೋನಿಯಂ ಫಾಸ್ಫೇಟ್ ದ್ರಾವಣವನ್ನು ಹನಿ ಬಿಟ್ಟು, ಅಮೋನಿಯಾದಿಂದ ಪಿಎಚ್ 10ರ ಮೇಲೆ ಕಾಯ್ದುಕೊಂಡರೆ ಹೈಡ್ರಾಕ್ಸಿಅಪಟೈಟಿನ ಸೂಜಿಯಂಥ ಸೂಕ್ಷ್ಮ ಹರಳುಗಳು ಬೀಳುತ್ತವೆ. ತೊಳೆದು ಒಣಗಿಸಿದರೆ ಮುಗಿಯಿತು, ಅವು ಒಂದಕ್ಕೊಂದು ಅಂಟಿ ಗಂಟುಗಂಟಾಗುತ್ತವೆ. ಆ ಪುಡಿಯನ್ನು ಜೆಲಾಟಿನ್ ದ್ರಾವಣಕ್ಕೆ ಹಾಕಿದಾಗ ತಳಕ್ಕಿಳಿಯಿತು, ಸಿರಿಂಜಿನ ಸೂಜಿಯಲ್ಲಿ ಕಟ್ಟಿಕೊಂಡಿತು. ಅದಕ್ಕಿಂತ ದೊಡ್ಡ ತೊಡಕು ಬೆಳಕಿನದು. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ ವಕ್ರೀಭವನ ಸೂಚ್ಯಂಕ. ನೀರಿನದು 1.33, ಈ ಖನಿಜದ್ದು 1.65ರ ಆಸುಪಾಸು. ಗಂಟುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಮೇಲಿನ ಒಂದೆರಡು ಮಿಲಿಮೀಟರ್ ಹೆಪ್ಪಾಗುತ್ತಿತ್ತು, ಕೆಳಗೆ ಹಾಲುಬಣ್ಣದ ದ್ರವ ಹಾಗೇ ಇರುತ್ತಿತ್ತು. ಬೆಳಕು ಹೆಚ್ಚಿಸಿದರೆ ಕೆಳಗೆ ಮುಟ್ಟುವ ಹೊತ್ತಿಗೆ ಮೇಲಿನ ಕೋಶಗಳಿಗೆ ಅಪಾಯ. ಖನಿಜ ಕಡಿಮೆ ಮಾಡಿದರೆ ಮೂಳೆಗೆ ಬೇಕಾದ್ದೇ ಇಲ್ಲ.

ದಾರಿ ತೋರಿಸಿದ್ದು ಮೂಳೆಯೇ. ನಿಜವಾದ ಮೂಳೆಯ ಹರಳುಗಳ ಮೈಗೆ ಸಿಟ್ರಿಕ್ ಆಮ್ಲದ ಲವಣ ರೂಪವಾದ ಸಿಟ್ರೇಟ್ ಅಂಟಿಕೊಂಡಿರುತ್ತದೆ, ಅದೇ ಅವುಗಳನ್ನು ಪುಟ್ಟದಾಗಿ ಬಿಡಿಬಿಡಿಯಾಗಿ ಇಡಲು ನೆರವಾಗುತ್ತದೆ ಎಂದು ಓದಿದ್ದೆ. ಹರಳು ಬೀಳುವಾಗಲೇ ಸಿಟ್ರೇಟ್ ಸೇರಿಸಿ ನೋಡಿದೆ. ಒಣಗಿಸುವುದನ್ನೂ ಬಿಟ್ಟೆ, ತೊಳೆದ ಹಸಿ ಹರಳನ್ನೇ ನೇರವಾಗಿ ಕಲಸಿದೆ. ಬಾಟಲಿಯಲ್ಲಿ ಬಿಳಿ ಕೆಸರಿನ ಬದಲು ತಿಳಿ ನೀಲಿ ಛಾಯೆಯ, ಆಚೆಯ ಅಕ್ಷರ ಮಸುಕಾಗಿ ಓದಬಹುದಾದ ದ್ರಾವಣ ಬಂತು. ಮರುದಿನ ಬೆಳಿಗ್ಗೆ ಬಂದು ನೋಡಿದಾಗಲೂ ತಳಕ್ಕಿಳಿದಿರಲಿಲ್ಲ. 6 ಮಿಲಿಮೀಟರ್ ಆಳದ ಅಚ್ಚಿನಲ್ಲಿ ಹಾಕಿ ಬೆಳಕು ಬಿಟ್ಟು, ತಲೆಕೆಳಗು ಮಾಡಿ, ತಳವನ್ನು ಚಿಮಟದಿಂದ ಒತ್ತಿದೆ. ಗಟ್ಟಿಯಾಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಕಣ್ಣು ತುಂಬಿ ಬಂದ ಕೆಲವೇ ದಿನಗಳಲ್ಲಿ ಅದೂ ಒಂದು.

ಈಗ ಕರಗುವ ಪರೀಕ್ಷೆ. ಅಲ್ಜಿನೇಟಿನ ಪಾಠ ಆಗಿದ್ದರಿಂದ ಇದನ್ನು ಕೊನೆಗೆ ಇಡದೆ ಮೊದಲಿಗೇ ತಂದೆ. ಬರೀ ಉಪ್ಪುನೀರಿನಲ್ಲಿ ಇಟ್ಟು ನೋಡುವುದು ಸಾಲದು, ಜೆಲಾಟಿನ್ ಕತ್ತರಿಸುವ ಕಿಣ್ವ ಬೇಕು. ಕೊಲಾಜಿನೇಸ್ ತರಿಸಿ, ಕೈಗೆ ಸಿಕ್ಕ ಫಾಸ್ಫೇಟ್ ಬಫರಿನಲ್ಲೇ, ಅಂದರೆ ಪಿಎಚ್ ಏರಿಳಿಯದಂತೆ ಕಾಯುವ ದ್ರಾವಣದಲ್ಲೇ ಕಲಸಿ, ಜೆಲ್ ತುಂಡುಗಳನ್ನು ಮುಳುಗಿಸಿದೆ. ಒಂದು ವಾರ ಕಳೆದರೂ ತೂಕ ಹೆಚ್ಚೇನೂ ಇಳಿಯಲಿಲ್ಲ. ಮತ್ತೆ ಗೋಡೆ ಕಟ್ಟಿದೆನೇ ಎಂದು ಹೆದರಿದೆ. ನಮ್ಮ ಲ್ಯಾಬಿನ ಸೀನಿಯರ್ ಒಬ್ಬರು ನನ್ನ ನೋಟ್‌ಬುಕ್ ನೋಡಿ, "ಈ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕು, ನಿನ್ನ ಬಫರಿನಲ್ಲಿ ಎಲ್ಲಿದೆ?" ಎಂದರು. ನಿಜ. ಕ್ಯಾಲ್ಸಿಯಂ ಇಲ್ಲದೆ ಆ ಕಿಣ್ವ ಕೆಲಸ ಮಾಡುವುದಿಲ್ಲ. ಫಾಸ್ಫೇಟ್ ಬಫರಿಗೆ ಕ್ಯಾಲ್ಸಿಯಂ ಹಾಕಿದರೆ ಎರಡೂ ಸೇರಿ ಕರಗದ ಪುಡಿಯಾಗಿ ತಳಕ್ಕೆ ಬೀಳುತ್ತವೆ. ಬಫರನ್ನೇ ಬದಲಿಸಿ ಮತ್ತೆ ಮಾಡಿದಾಗ ಅದೇ ಜೆಲ್ ಎರಡು ದಿನಕ್ಕೆ ಮಾಯವಾಯಿತು.

ಎರಡು ದಿನವೂ ಸುಳ್ಳು, ಒಂದು ವಾರವೂ ಸುಳ್ಳು. ಬ್ಯಾಕ್ಟೀರಿಯಾದಿಂದ ತೆಗೆದ ಆ ಕಿಣ್ವ ನಮ್ಮ ದೇಹದ ಕಿಣ್ವಗಳಿಗಿಂತ ಎಷ್ಟೋ ಹೆಚ್ಚು ಕಡೆ ಕತ್ತರಿ ಹಾಕುತ್ತದೆ. ಅದರ ಪ್ರಮಾಣವನ್ನು ನಾವೇ ಆರಿಸಿಕೊಳ್ಳುತ್ತೇವೆ, ಬೇಕಾದ ಉತ್ತರ ಬರುವಂತೆಯೂ ಆರಿಸಬಹುದು. ಪ್ರಕಟವಾದ ಗ್ರಾಫುಗಳಲ್ಲಿ '14 ದಿನದಲ್ಲಿ ಇಷ್ಟು ಕರಗಿತು' ಎಂದು ಕಂಡರೆ ನಾನು ಈಗ ಮೊದಲು ನೋಡುವುದು ಕಿಣ್ವದ ಪ್ರಮಾಣ ಮತ್ತು ಬಫರನ್ನು. ಒಂದು ಜೆಲ್ ಇನ್ನೊಂದಕ್ಕಿಂತ ಬೇಗ ಹೋಗುತ್ತದೋ ತಡವಾಗಿ ಹೋಗುತ್ತದೋ ಎಂದು ಹೋಲಿಸಲು ಈ ಪರೀಕ್ಷೆ ಸಾಕು. ದೇಹದಲ್ಲಿ ಎಷ್ಟು ದಿನ ಎಂದು ಅದು ಹೇಳಲಾರದು.

ಕೋಶಗಳನ್ನು ಜೆಲ್‌ನೊಳಗೇ ಇಟ್ಟು ಬೆಳೆಸಿದಾಗ ಮಾತು ಇನ್ನಷ್ಟು ಸ್ಪಷ್ಟವಾಯಿತು. ಗಟ್ಟಿ ನೆಲದ ಮೇಲೆ ಕಾಂಡಕೋಶಗಳು ಮೂಳೆಯ ಕಡೆ ವಾಲುತ್ತವೆ ಎಂದು 2006ರಲ್ಲಿ ಬಂದ ಹೆಸರಾಂತ ಕೆಲಸವೊಂದು ತೋರಿಸಿತ್ತು. ಅದನ್ನು ನಂಬಿಯೇ ನಾನು ಬಿಗಿತದ ಹಿಂದೆ ಬಿದ್ದಿದ್ದು. ಆದರೆ ಅದು ನೆಲದ ಮೇಲೆ ಕೂತ ಕೋಶದ ಮಾತು. ಬಿಗಿಯಾದ ಬಲೆಯ ಒಳಗೆ ಸಿಕ್ಕಿಕೊಂಡ ಕೋಶ ಕೈಕಾಲು ಚಾಚಲಾರದೆ ಗುಂಡಗೆ ಕೂತುಬಿಡುತ್ತದೆ. ಬದುಕಿರುತ್ತದೆ. ಬಣ್ಣ ಹಾಕಿದರೆ ಹಸಿರಾಗಿ ಹೊಳೆಯುತ್ತದೆ. ಬದುಕಿರುವ ಪ್ರಮಾಣ 70 ಶೇಕಡಕ್ಕಿಂತ ಕೆಳಗಿಳಿದರೆ ವಸ್ತು ವಿಷಕಾರಿ ಎನ್ನುತ್ತದೆ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ. ನನ್ನ ಬಿಗಿ ಜೆಲ್ ಆ ಪರೀಕ್ಷೆಯನ್ನು ಸಲೀಸಾಗಿ ದಾಟಿತ್ತು. ಏಳನೆಯ ದಿನವೂ ಅದರೊಳಗಿನ ಕೋಶಗಳು ಮೊದಲ ದಿನದಂತೆಯೇ ಗುಂಡಗಿದ್ದವು. ಸಡಿಲ ಜೆಲ್‌ನಲ್ಲಿ ಅದೇ ಏಳನೆಯ ದಿನ ಅವು ಉದ್ದುದ್ದ ತೋಳು ಚಾಚಿ, ಪಕ್ಕದವನ್ನು ಮುಟ್ಟಿ, ಜಾಲ ಕಟ್ಟಿಕೊಂಡಿದ್ದವು. ಪ್ರತಿ ತೋಳಿನ ಸುತ್ತ ಜೆಲ್ ಕತ್ತರಿಸಿದ ಕಿರಿದಾದ ಓಣಿ. ನನಗೆ ಬೇಕಾಗಿದ್ದ ಕರಗುವಿಕೆ ಇದು: ಒಂದು ಕೋಶ, ತನಗೆ ಬೇಕಾದಷ್ಟು ಅಗಲ.

ಇದೇ ಹೊತ್ತಿನಲ್ಲಿ ಇನ್ನೊಂದು ದೊಡ್ಡ ತಪ್ಪಿಗೆ ತೀರಾ ಹತ್ತಿರ ಹೋಗಿದ್ದೆ. ಕೋಶಗಳು ಮೂಳೆಯ ಖನಿಜ ಕಟ್ಟುತ್ತಿವೆಯೇ ಎಂದು ನೋಡಲು 21ನೇ ದಿನ ಅಲಿಜರಿನ್ ರೆಡ್ ಬಣ್ಣ ಹಾಕುವುದು ರೂಢಿ. ಅದು ಕ್ಯಾಲ್ಸಿಯಂಗೆ ಅಂಟುತ್ತದೆ. ನನ್ನ ಜೆಲ್‌ಗಳು ಕಡುಗೆಂಪಾದವು. ಫೋಟೊ ತೆಗೆದು ಎಲ್ಲರಿಗೂ ತೋರಿಸಿದೆ. ಮೇಡಂ ಫೋಟೊ ನೋಡಿ ಒಂದೇ ಮಾತು ಕೇಳಿದರು: "ಕೋಶ ಇಲ್ಲದ ಜೆಲ್ ಯಾವ ಬಣ್ಣ ಬಂತು?" ಅದನ್ನು ಮಾಡಿರಲಿಲ್ಲ. ಮಾಡಿದೆ. ಅದೂ ಕಡುಗೆಂಪು. ನಾನೇ ಹಾಕಿದ ಖನಿಜಕ್ಕೆ ಬಣ್ಣ ಹತ್ತಿತ್ತು. ಆಮೇಲೆ ಕೋಶವಿಲ್ಲದ ಜೆಲ್ಲನ್ನು ಪ್ರತಿ ಪರೀಕ್ಷೆಯಲ್ಲೂ ಪಕ್ಕದಲ್ಲೇ ಇಟ್ಟು, ಅದರ ಬಣ್ಣವನ್ನು ಕಳೆದು ನೋಡಿದೆವು. ಕೋಶಗಳು ಮೂಳೆ ಕಟ್ಟುವ ಕೆಲಸಕ್ಕೆ ಇಳಿದಿವೆ ಎಂಬುದರ ಗುರುತುಗಳಾದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವವನ್ನೂ ಆಸ್ಟಿಯೋಕ್ಯಾಲ್ಸಿನ್ ಜೀನನ್ನೂ ಅಳೆದೆವು. ಉತ್ತರ ಮೊದಲಿನಷ್ಟು ಕೆಂಪಾಗಿರಲಿಲ್ಲ. ಆದರೂ ಅಲ್ಲಿ ಏನೋ ಇತ್ತು, ಸಡಿಲ ಜೆಲ್‌ನಲ್ಲಿ ಬಿಗಿ ಜೆಲ್‌ಗಿಂತ ಹೆಚ್ಚಾಗಿಯೇ ಇತ್ತು.

ಪ್ರಾಣಿಗಳ ಹತ್ತಿರ ಮತ್ತೆ ಹೋಗುವ ಮೊದಲು ಶುದ್ಧತೆಯ ಕೆಲಸ. ಸಾಮಾನ್ಯ ಜೆಲಾಟಿನ್‌ನಲ್ಲಿ ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು, ಅಂದರೆ ಎಂಡೋಟಾಕ್ಸಿನ್, ಧಾರಾಳವಾಗಿರುತ್ತವೆ. ದೇಹದೊಳಗೆ ಹೋದರೆ ಬಾವು ತರಿಸುತ್ತವೆ. 121 ಡಿಗ್ರಿಯ ಆಟೋಕ್ಲೇವ್ ಬ್ಯಾಕ್ಟೀರಿಯಾ ಕೊಲ್ಲುತ್ತದೆಯೇ ಹೊರತು ಈ ವಿಷವನ್ನು ತೆಗೆಯುವುದಿಲ್ಲ. ಗಾಜಿನ ಸಾಮಾನಾದರೆ 250 ಡಿಗ್ರಿಯ ಒಣ ಬಿಸಿಯಲ್ಲಿ ಅರ್ಧ ಗಂಟೆ ಇಡಬಹುದು, ಜೆಲಾಟಿನನ್ನು ಹಾಗೆ ಇಡಲು ಬರುವುದಿಲ್ಲ. ಎಂಡೋಟಾಕ್ಸಿನ್ ಕಡಿಮೆ ಇರುವ ಜೆಲಾಟಿನ್‌ನಿಂದಲೇ ಶುರುಮಾಡಿ, ಬಿಸಿ ದ್ರಾವಣವನ್ನು 0.22 ಮೈಕ್ರಾನ್ ಸೋಸುಹಾಳೆಯಿಂದ ಸೋಸಿ, ಖನಿಜವನ್ನು ಬೇರೆಯಾಗಿ ಕ್ರಿಮಿಶುದ್ಧ ಮಾಡಿ ಕೊನೆಗೆ ಸೇರಿಸಿದೆವು. ಎಲ್ಲಾ ಮೊದಲಿಂದ ಮಾಡಬೇಕಾಯಿತು. ಹಳೆಯ ಜೆಲಾಟಿನ್‌ಗೆ ಕುದುರಿಸಿದ್ದ ಹದ ಹೊಸದಕ್ಕೆ ಒಗ್ಗಲಿಲ್ಲ. ನಾಲ್ಕು ತಿಂಗಳು.

ಇಲಿಗಳ ವಿಷಯವನ್ನು ಹಗುರವಾಗಿ ಬರೆಯಲಾರೆ. ನೈತಿಕ ಸಮಿತಿಗೆ ಅರ್ಜಿ ಹಾಕುವಾಗ ಒಂದೊಂದು ಪ್ರಾಣಿಯೂ ಯಾಕೆ ಬೇಕು ಎಂದು ಬರೆಯಬೇಕು. 1959ರಲ್ಲಿ ರಸೆಲ್ ಮತ್ತು ಬರ್ಚ್ ಮುಂದಿಟ್ಟ ತತ್ವವೇ ಇಂದಿಗೂ ಆಧಾರ: ಬೇರೆ ದಾರಿ ಇದ್ದರೆ ಪ್ರಾಣಿ ಬಳಸಬೇಡ, ಬಳಸಲೇಬೇಕಾದರೆ ಕಡಿಮೆ ಬಳಸು, ನೋವು ತಗ್ಗಿಸು. ಮೊದಲ ಸುತ್ತಿನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ನಾನು ಕೊಳವೆಯಲ್ಲೇ ಕೇಳಿದ್ದರೆ ಆ ಇಲಿಗಳು ಬೇಕಾಗುತ್ತಿರಲಿಲ್ಲ. ಈ ಭಾರ ನನ್ನ ಮೇಲಿದೆ. ಎರಡನೆಯ ಸುತ್ತಿನ ಅರ್ಜಿ ಬರೆಯಲು ಮೊದಲನೆಯದರ ಮೂರು ಪಟ್ಟು ಸಮಯ ತೆಗೆದುಕೊಂಡೆ.

ಶಸ್ತ್ರಚಿಕಿತ್ಸೆಯ ದಿನ ಅದೇ ಸರ್ಜನ್ ಬಂದಿದ್ದರು. ಕೊರೆಯುವಾಗ ಬಿಸಿಯಾಗಿ ಮೂಳೆ ಸಾಯದಂತೆ ತಣ್ಣನೆಯ ಸಲೈನ್ ಬಿಡುತ್ತಿರಬೇಕು. ಬುರುಡೆಯ ಕೆಳಗಿನ ಡ್ಯೂರಾ ಪೊರೆ ಹರಿಯಬಾರದು. ಆ ಪೊರೆಗೇ ಮೂಳೆ ಹುಟ್ಟಿಸುವ ಶಕ್ತಿಯಿದೆ, ಅದು ಹರಿದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಲ್ಯಾಬಿನಲ್ಲಿ ಒಣ ಅಚ್ಚಿನಲ್ಲಿ ಎಂದೂ ಎದುರಾಗದ ತೊಂದರೆ ಅಲ್ಲಿ ಕಂಡಿತು. ರಂಧ್ರದ ಅಂಚಿನಿಂದ ರಕ್ತ ಜಿನುಗಿ, ಬೆಳಕು ಬಿಡುವ ಮೊದಲೇ ಜೆಲ್ಲನ್ನು ಎತ್ತಿ ತೇಲಿಸಿತು. ಮೊದಲ ಪ್ರಯತ್ನದಲ್ಲಿ ಜೆಲ್ ಮಾತ್ರೆಯಂತೆ ಸಡಿಲವಾಗಿ ಎದ್ದು ಬಂತು. ಸರ್ಜನ್ ಅದನ್ನು ತೆಗೆದು, ಹತ್ತಿಯಿಂದ ಒತ್ತಿ ಹಿಡಿದು, "ಮೊದಲು ಅಂಚಿಗೆ ತೆಳುವಾಗಿ ಹಚ್ಚಿ ಬೆಳಕು ಬಿಡಿ, ಅದು ಕೂತ ಮೇಲೆ ಮಧ್ಯ ತುಂಬೋಣ" ಎಂದರು. ಎರಡು ಸಲ ಬೆಳಕು ಬಿಡುವ ಆ ಕ್ರಮ ನಮ್ಮ ವಿಧಾನದಲ್ಲಿ ಇಂದಿಗೂ ಉಳಿದಿದೆ.

4, 8, 12 ವಾರಗಳಲ್ಲಿ ಮೈಕ್ರೋ ಸಿಟಿ, ಅಂದರೆ ಸೂಕ್ಷ್ಮ ವಿವರ ತೋರಿಸುವ ಎಕ್ಸ್‌ರೇ ಸ್ಕ್ಯಾನ್ ತೆಗೆದೆವು. ಅಲಿಜರಿನ್ ಕಲಿಸಿದ ಎಚ್ಚರ ಇಲ್ಲಿ ಕೆಲಸಕ್ಕೆ ಬಂತು. ಎಕ್ಸ್‌ರೇಗೆ ನನ್ನ ಖನಿಜವೂ ಮೂಳೆಯಂತೆ ಬೆಳ್ಳಗೆ ಕಾಣಬಹುದು. ಹಾಗಾಗಿ ಜೆಲ್ ಹಾಕಿದ ದಿನವೇ ಒಂದು ಸ್ಕ್ಯಾನ್ ತೆಗೆದಿಟ್ಟು, ಮುಂದಿನದರಿಂದ ಅದನ್ನು ಕಳೆದು ನೋಡಿದೆವು. ನಾಲ್ಕನೆಯ ವಾರ ನಿರಾಸೆಯಾಗುವಷ್ಟು ಕಡಿಮೆ. ಎಂಟನೆಯ ವಾರ ಅಂಚಿನಿಂದ ಬಂದ ಮೂಳೆ ಹಳೆಯ ಗೋಡೆ ಇದ್ದ ಜಾಗವನ್ನು ದಾಟಿತ್ತು. ಹನ್ನೆರಡನೆಯ ವಾರದ ಸ್ಲೈಡ್‌ನಲ್ಲಿ ಕೆಂಪು ನಾಲಿಗೆಗಳು ಒಳಕ್ಕೆ ಚಾಚಿದ್ದವು, ಅವುಗಳ ನಡುವೆ ಜೆಲ್‌ನ ಚೂರುಗಳು ಅಲ್ಲಲ್ಲಿ ಉಳಿದಿದ್ದವು. ಒಂದು ಚೂರಿನ ಅಂಚಿನಲ್ಲಿ ಕೋಶಗಳು ಸಾಲಾಗಿ ನಿಂತು ಒಂದು ಬದಿಯಿಂದ ಅದನ್ನು ಸವೆಸುತ್ತಿದ್ದವು, ಹಿಂದಿನ ಬದಿಯಲ್ಲಿ ಹೊಸ ಮೂಳೆ ಬೀಳುತ್ತಿತ್ತು. ಮಧ್ಯಭಾಗ ತುಂಬಿರಲಿಲ್ಲ. ಅಲ್ಲಿ ರಕ್ತನಾಳಗಳೂ ಕಾಣಲಿಲ್ಲ. ನಾಳ ಹೋಗದ ಕಡೆ ಮೂಳೆ ಹೋಗುವುದಿಲ್ಲ. ಅದು ಇನ್ನೂ ಬಿಡಿಸಬೇಕಾದ ಗಂಟು.

ಸರ್ಜನ್‌ಗೆ ಹೊಸ ಸ್ಲೈಡ್ ತೋರಿಸುವಾಗ ಈ ಸಲ ಅವರು ಕೇಳುವ ಮೊದಲೇ ಹೇಳಿದೆ: "ಮೂಳೆ ಬಂದಷ್ಟೇ ಹೋಗುತ್ತೆ ಸರ್. ಕೋಶಗಳೇ ಕತ್ತರಿಸುತ್ತವೆ." ಅವರು ಬಹಳ ಹೊತ್ತು ನೋಡಿದರು. ಆಮೇಲೆ, "ಇವು ಆರೋಗ್ಯವಾಗಿರೋ ಎಳೆಯ ಇಲಿಗಳು. ನನ್ನ ಹತ್ತಿರ ಬರೋರು ವಯಸ್ಸಾದವರು, ಡಯಾಬಿಟಿಸ್ ಇರೋರು, ಗಾಯದಲ್ಲಿ ಬಾವು ಇರೋರು. ಅಲ್ಲಿ ಏನಾಗುತ್ತೆ?" ಎಂದರು.

ಬಾವು ಇದ್ದ ಕಡೆ ಈ ಕತ್ತರಿಸುವ ಕಿಣ್ವಗಳು ಹೆಚ್ಚಿರುತ್ತವೆ, ಮೂಳೆ ಕಟ್ಟುವ ಕೋಶಗಳು ನಿಧಾನವಾಗಿರುತ್ತವೆ. ಅಂದರೆ ಮೂಳೆ ಬರುವ ಮೊದಲೇ ಜೆಲ್ ಹೋಗಿಬಿಡಬಹುದು. ಮೊದಲ ಜೆಲ್ ಹೋಗದೆ ಸೋತಿತ್ತು, ಇದು ಬೇಗ ಹೋಗಿ ಸೋಲಬಹುದು. ಹಾಗಾಗಿ ಈಗ ಒಂದೇ ಜೆಲ್‌ನಲ್ಲಿ ಎರಡು ಬಗೆಯ ಪುಟ್ಟ ಜೆಲ್ ಕಾಳು ಬೆರೆಸುತ್ತಿದ್ದೇನೆ: ಕಡಿಮೆ ಬೆಸೆದ, ಬೇಗ ದಾರಿ ಬಿಡುವ ಕಾಳು, ಹೆಚ್ಚು ಬೆಸೆದ, ಕಾದು ನಿಲ್ಲುವ ಕಾಳು. ಬೇಗ ಹೋದವುಗಳ ಜಾಗದಲ್ಲಿ ರಕ್ತನಾಳಗಳಿಗೂ ಓಣಿ ಸಿಗಬಹುದು ಎಂಬ ಆಸೆ. ಎಷ್ಟಕ್ಕೆ ಎಷ್ಟು ಎಂಬುದೇ ಪ್ರಶ್ನೆ. ಕಿಣ್ವವೂ ಎರಡು ಪ್ರಮಾಣದಲ್ಲಿದೆ, ಒಂದು ಮಾಮೂಲಿ ಗಾಯದಂತೆ, ಇನ್ನೊಂದು ಬಾವು ಬಂದ ಗಾಯದಂತೆ. ಕೊಳವೆಗಳ ಒಂದು ಸಾಲು 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ನಿಂತಿದೆ. ನಾಳೆ ಏಳನೆಯ ದಿನ. ಬೆಳಿಗ್ಗೆ ಬೇಗ ಹೋಗಿ, ಮೊದಲ ಮೂರು ಕೊಳವೆ ತೆಗೆದು ತೂಕ ನೋಡಬೇಕು.